ಬಿಡ್ರಿ ಅಂದರೆ ಏನು ಬಿಡೋದು?

ರಘೋತ್ತಮನ ಫಜೀತಿಗೆಲ್ಲ ಮೂಲ ಒಂದೇ ಒಂದು ಮಾತು: ಬಿಡ್ರಿ. ಅದೂ ಹದಿನಾಲ್ಕು ಸಾವಿರ ಅಡಿ ಎತ್ತರದಲ್ಲಿ ಆಡಿದ್ದು.

ತೊಂಬತ್ತನಾಲ್ಕರಲ್ಲಿ ನಡೆದದ್ದು. ಖಾಸಗಿ ವಿಮಾನ ಕಂಪನಿಯೊಂದರಲ್ಲಿ ಅವನು ಸಹಪೈಲಟ್. ಹೆಂಡತಿ ವಸುಧಾ ಔರಂಗಾಬಾದಿನ ಬ್ಯಾಂಕಿನಲ್ಲಿ, ಇವನು ಮುಂಬೈಯ ಬಾಡಿಗೆ ಕೋಣೆಯಲ್ಲಿ. ಮದುವೆಯಾಗಿ ನಾಲ್ಕು ವರ್ಷವಾದರೂ ಸಂಸಾರ ನಡೆದದ್ದು ರಜೆಯ ದಿನಗಳಲ್ಲಿ ಮಾತ್ರ. ಅಂದಿನ ಪರೀಕ್ಷೆಯ ಹಾರಾಟದಲ್ಲಿ ಪಾಸಾದರೆ ಕ್ಯಾಪ್ಟನ್ ಆಗಿ ಔರಂಗಾಬಾದಿಗೇ ಬರಬಹುದು. ಅಲ್ಲೊಂದು ಜಾಗ ಖಾಲಿ ಇತ್ತು.

ಆಟೋಪೈಲಟ್ಟಿನ ಗುಂಡಿ ಒತ್ತಿದವನು ಅದನ್ನು ಬಾಯಿಬಿಟ್ಟು ಹೇಳಬೇಕು, ಫಲಕದಲ್ಲಿ ಮೂಡಿದ್ದನ್ನು ಓದಬೇಕು ಎಂಬುದು ಕಂಪನಿಯ ನಿಯಮ. ರೂಢಿಯಾಗಲೆಂದು ರಜೆಯ ವಾರವಿಡೀ ಅವನು ಮನೆಯ ಗೀಸರಿನ ಮುಂದೆ ನಿಂತು, "ಗೀಸರ್ ಆನ್! ರೆಡ್ ಲೈಟ್ ಆನ್!" ಎಂದು ಘೋಷಿಸುತ್ತಿದ್ದ. ಹೊರಡುವ ಬೆಳಿಗ್ಗೆ ಪಕ್ಕದ ಮನೆಯ ಶಾಂತಾಬಾಯಿ, ಅವರೂ ಕನ್ನಡದವರೇ, ಇಣುಕಿಯೇ ಬಿಟ್ಟರು.

"ವಸುಧಾ, ನಿಮ್ಮ ಮನ್ಯಾವ್ರು ಗೀಸರ್ ಜೋಡಿ ಮಾತಾಡ್ಲತ್ತಾರಲ್ಲ? ಯಾರರ ಡಾಕ್ಟರಿಗೆ ತೋರ್ಸೀರೇನು?"

ಅವಮಾನ ನುಂಗಿಕೊಂಡು ರಘೋತ್ತಮ ಮುಂಬೈಗೆ ಹೊರಟ ವಿಮಾನ ಹತ್ತಿದ. ಪರೀಕ್ಷಕರು ಕ್ಯಾಪ್ಟನ್ ಬಿಂದುಮಾಧವ, ವಿಜಾಪುರದವರು. ಹುಡುಗ ಕನ್ನಡದವನೆಂದು ತಿಳಿದದ್ದೇ ತಡ, ಅವರ ಇಂಗ್ಲಿಷ್ ಔರಂಗಾಬಾದಿನ ನೆಲದ ಮೇಲೆಯೇ ಉಳಿಯಿತು.

ಔರಂಗಾಬಾದಿನ ಪಕ್ಕದ ಊರು ವೈಜಾಪುರ ದಾಟುವ ಹೊತ್ತಿಗೆ ಆಟೋಪೈಲಟ್ ವಿಮಾನವನ್ನು ನೆಟ್ಟಗೆ ನಡೆಸುತ್ತಿತ್ತು. ರಘೋತ್ತಮನ ಬೆರಳು ಮಾತ್ರ ಸುಮ್ಮನಿರದು. ಈ ತಿರುಪು ಮುಟ್ಟಿದ, ಆ ತಿರುಪು ಮುಟ್ಟಿದ.

"ಯಾಕ ಕೆದಕ್ಲಿಕ್ಕತ್ತೀರಿ? ಬಿಡ್ರಿ!" ಎಂದರು ಬಿಂದುಮಾಧವ. ಯಂತ್ರದ ಪಾಡಿಗೆ ಯಂತ್ರವಿರಲಿ ಎಂದು ಅವರ ಅರ್ಥ. ಹೆದರಿ ಕೂತವನಿಗೆ ತಿಳಿದದ್ದೇ ಬೇರೆ. ಆಟೋಪೈಲಟ್ ಬಿಟ್ಟು ಕೈಯಿಂದ ಹಾರಿಸಿ ತೋರಿಸು ಎನ್ನುತ್ತಿದ್ದಾರೆಂದುಕೊಂಡು ಗುಂಡಿ ಒತ್ತಿದ. ವಾರವಿಡೀ ಗೀಸರಿಗೆ ಹೇಳಿದ ಇಂಗ್ಲಿಷ್ ಮಾತು ಬಾಯಿಗೆ ಬರಲಿಲ್ಲ.

"ಬಿಟ್ಟೆ ಸರ್."

"ಹಾಂ, ಹಂಗ!" ಎಂದು ಕ್ಯಾಪ್ಟನ್ ಅವಲಕ್ಕಿಯ ಡಬ್ಬಿ ತೆಗೆದರು. ಆಟೋಪೈಲಟ್ ಕಳಚಿಕೊಂಡಾಗ ಬಂದ ಗಂಟೆಯ ಸದ್ದನ್ನು ಅವರು ಗಗನಸಖಿಯ ಕರೆಗಂಟೆ ಎಂದುಕೊಂಡಿದ್ದರು. ಎರಡು ತುತ್ತು ತಿಂದು ನೋಡಿದರೆ, ಈ ಹುಡುಗ ವಿಮಾನ ಹಾರಿಸುವ ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಬೆವರುತ್ತಿದ್ದಾನೆ!

"ಅಯ್ಯ, ಅದನ್ಯಾಕ ಹಿಡಕೊಂಡು ಕೂತೀರಿ? ಅದನ್ನೂ ಬಿಡ್ರಿ!"

ಓಹೋ, ಇನ್ನು ತಾವೇ ಹಾರಿಸುತ್ತಾರೆ ಎಂದುಕೊಂಡು ರಘೋತ್ತಮ ನೆಮ್ಮದಿಯಿಂದ ಕೈ ಬಿಟ್ಟ.

ಈಗ ವಿಮಾನವನ್ನು ಯಂತ್ರವೂ ಹಾರಿಸುತ್ತಿರಲಿಲ್ಲ, ಮನುಷ್ಯರೂ ಹಾರಿಸುತ್ತಿರಲಿಲ್ಲ. ಅದು ಮೆಲ್ಲಗೆ ಎಡಕ್ಕೆ ವಾಲಿತು. ಮೂತಿ ಕೆಳಗಾಯಿತು. ಅವಲಕ್ಕಿ ಕ್ಯಾಪ್ಟನ್ನರ ಮಡಿಲಿಗೆ ಬಿತ್ತು.

"ಏ, ಯಾರ ಕೈಯಾಗದ ಇದು?"

"ನಿಮ್ಮ ಕೈಯಾಗ ಸರ್!"

"ನನ್ನ ಕೈಯಾಗ ಚಮಚಾ ಅದರಿ!"

ರಘೋತ್ತಮ ಹ್ಯಾಂಡಲಿಗೆ ಕೈ ಹಾಕಿದ. ಹಿಂದೆ ನಲವತ್ತು ಜನ ಕೂತಿದ್ದರು. ಮರುಕ್ಷಣ, ತರಬೇತಿಯ ಮಾತು ತಾನಾಗಿ ಹೊರಬಂತು: "ಐ ಹ್ಯಾವ್ ಕಂಟ್ರೋಲ್!" ರೆಕ್ಕೆ ಸಮ ಮಾಡಿದ, ಎತ್ತರ ಸರಿಪಡಿಸಿದ. ಆಮೇಲೆ ಆಟೋಪೈಲಟ್ ಹಾಕಿ, ಫಲಕದಲ್ಲಿ ಮೂಡಿದ ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಓದಿದ.

ಮುಂಬೈಯಲ್ಲಿ ಇಳಿದ ಮೇಲೆ ಬಿಂದುಮಾಧವ ಅವನ ಬೆನ್ನು ತಟ್ಟಿದರು. "ತಪ್ಪು ಯಂತ್ರದ್ದಲ್ಲ, ನಿಮ್ಮದೂ ಅಲ್ಲ. ಹಾಳಾದ ನಮ್ಮ ಕನ್ನಡದ್ದು. ಘಾಬರಿ ಆದಾಗ ಸರಿ ಮಾತು ಆಡಿ ವಿಮಾನ ಹಿಡದ್ರಿ. ಪಾಸ್! ನೀವಿನ್ನು ಕ್ಯಾಪ್ಟನ್."

ಅವನಿಗೆ ಆದ ಸಂತೋಷ ಹೇಳತೀರದು. ಓಡಿಹೋಗಿ ವಸುಧಾಳಿಗೆ ಫೋನು ಮಾಡಿ, ಮುಂಬೈಯ ಕೋಣೆ ಇವತ್ತೇ ಖಾಲಿ ಮಾಡುವುದಾಗಿ ಹೇಳಿದ. ಹಿಂತಿರುಗಿದರೆ ಬಿಂದುಮಾಧವರು ಆಫೀಸಿನಿಂದ ಕಾಗದವೊಂದನ್ನು ಹಿಡಿದು ನಗುತ್ತ ಬರುತ್ತಿದ್ದರು.

"ಒಂದು ಶಿಫಾರಸು ಬರದೀನಿ ನೋಡ್ರಿ. ಕನ್ನಡದವ್ರಿಬ್ಬರನ್ನ ಇನ್ನ ಮ್ಯಾಲೆ ಒಂದೇ ಕಾಕ್‌ಪಿಟ್ಟಿನಾಗ ಕೂಡಸಬಾರದು ಅಂತ. ಆಫೀಸಿನವ್ರು ಕೂಡಲೇ ಒಪ್ಪಿದ್ರು."

"ಭಾಳ ಛಲೋ ಆತು ಸರ್."

"ಔರಂಗಾಬಾದಿನ್ಯಾಗ ಇರೋ ಸಹಪೈಲಟ್ ಒಬ್ಬನ ಒಬ್ಬ, ಧರ್ಮಣ್ಣ. ಅಂವ ಬೀದರದವ. ಅದಕ್ಕ ನಿಮ್ಮನ್ನ ಗುವಾಹಟಿಗೆ ಹಾಕ್ಯಾರ. ಆರಾಮ ಇರ್ರಿ, ಅಲ್ಲಿ ಕನ್ನಡದ ಕಾಟಾನೇ ಇಲ್ಲ!"