ಗೆರೆಯಾಚೆಯ ಮನೆಗೆ ತಾಮ್ರದ ತಂತಿ

ಹಿತಕಿದ ಬೇಳೆ ಸಾರಿಗೆಂದು ಜಗುಲಿಯಲ್ಲಿ ಕುಳಿತು ನೆನೆಸಿದ ಅವರೆಕಾಳಿನ ಸಿಪ್ಪೆ ಬಿಡಿಸುತ್ತಿದ್ದೆ. ಟೆಲಿಫೋನ್ ಕಚೇರಿಯವರೊಬ್ಬರು ಗೇಟಿನ ಹತ್ತಿರ ನಿಂತು ಹೇಳಿದರು: "ಅಮ್ಮಾ, ಈ ಬೀದೀಲಿ ತಾಮ್ರದ ಲೈನ್ ಉಳಿದಿರೋದು ನಿಮ್ಮದೊಂದೇ. ಸೋಮವಾರ ಅದನ್ನೂ ತೆಗೀತೀವಿ. ಫೈಬರ್ ಹಾಕಿಸ್ಕೊಳ್ಳಿ." ಕೈಯಲ್ಲಿದ್ದ ಕಾಳು ಚಿಮ್ಮಿ ಅವರ ಅಂಗಿಗೆ ಬಡಿಯಿತು. ಪಾಪ, ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ಒಳಗಿದ್ದ ನಮ್ಮ ಭಾವನವರಿಗೆ ಆ ಮಾತು ಕೇಳಿಸಲೂ ಇಲ್ಲ. ಎರಡೂ ದೇವರ ದಯೆಯೇ.

ಭಾವನವರು ಅಂದರೆ ನನ್ನ ಯಜಮಾನರ ಅಣ್ಣ. ಮದುವೆಯಾಗದೆ ನಮ್ಮ ಜೊತೆಗೇ ಅಟ್ಟೂರಿನ ಈ ಮನೆಯಲ್ಲಿರುವವರು. ತಮ್ಮ ಕೈಯಾರೆ ಗೆರೆ ಎಳೆದು ತಮ್ಮ ಮನೆಯನ್ನೇ ಗೆರೆಯಾಚೆ ಬಿಟ್ಟ ಇಂಥ ಇನ್ನೊಬ್ಬ ಮಹಾನುಭಾವರನ್ನು ಯಲಹಂಕದಿಂದ ಹೆಬ್ಬಾಳದವರೆಗೆ ಹುಡುಕಿದರೂ ನಿಮಗೆ ಸಿಗುವುದಿಲ್ಲ.

ಅವರು ಟೆಲಿಫೋನ್ ಇಲಾಖೆಯಲ್ಲಿದ್ದಾಗ, ಹಳೆಯ ತಾಮ್ರದ ತಂತಿಯಲ್ಲೇ ಮನೆಮನೆಗೆ ಇಂಟರ್ನೆಟ್ ಕೊಡುವುದೆಂದು ತೀರ್ಮಾನವಾಯಿತು. ಎಕ್ಸ್‌ಚೇಂಜ್‌ನಿಂದ ಎಷ್ಟು ದೂರದ ಮನೆಯವರೆಗೆ, ಎಷ್ಟು ಕಡಿಮೆ ದರಕ್ಕೆ? ಆ ಗುರಿ ನಿಗದಿ ಮಾಡುವ ಕೆಲಸ ಇವರ ಪಾಲಿಗೆ ಬಂತು. ಅಂದಿನಿಂದ ಅವರಿಗೆ ಲೋಕವೆಲ್ಲ ತಂತಿಯ ಉದ್ದವಾಯಿತು. ಸಂಜಯನಗರದಲ್ಲಿ ಹೆಣ್ಣು ನೋಡಲು ಹೊರಟವರನ್ನು, "ಹುಡುಗಿ ಮನೆ ಎಕ್ಸ್‌ಚೇಂಜ್‌ಗೆ ಹತ್ರಾನಾ?" ಎಂದು ಕೇಳಿದ ಪುಣ್ಯಾತ್ಮರು ಇವರು.

ದರದ ಪ್ರಶ್ನೆ ಬಂದಾಗ ನೇರ ಅಡುಗೆಮನೆಗೆ ಬಂದರು. "ದೇವರ ಹೂವಿಗೆ ತಿಂಗಳಿಗೆ ಎಷ್ಟಾಗತ್ತಮ್ಮ?" ಹೇಳಿದೆ. "ಹಾಗಾದ್ರೆ ಇಂಟರ್ನೆಟ್ಟೂ ಅಷ್ಟರೊಳಗೇ ಇರ್ಬೇಕು. ಅದಕ್ಕಿಂತ ಜಾಸ್ತಿಯಾದ್ರೆ ಯಾವ ಹೆಂಗಸೂ ಒಪ್ಪಲ್ಲ." ಮೀಟಿಂಗಿನಲ್ಲೂ ಹಾಗೇ ಹೇಳಿದರಂತೆ. ದೊಡ್ಡ ಸಾಹೇಬರು ಕನ್ನಡಕ ತೆಗೆದು ಕೇಳಿದರಂತೆ, "ಮಾಮೂಲಿ ದಿನದ ರೇಟೋ, ವರಮಹಾಲಕ್ಷ್ಮಿ ಹಬ್ಬದ ರೇಟೋ?"

ದೂರದ ವಿಷಯವನ್ನು ಅವರು ನನಗೆ ತಿಳಿಸಿದ್ದು ಗೃಹಪ್ರವೇಶವೊಂದರ ಊಟದ ಪಂಕ್ತಿಯಲ್ಲಿ. ಪಾಯಸ ಬಡಿಸುವವನ ಹಿಂದೆಯೇ ನಡೆದು, ಕೊನೆಯ ಎಲೆಯ ಮುಂದೆ ಬಗ್ಗಿ ನೋಡಿದರು. "ನೋಡಮ್ಮ, ಮೊದಲನೇ ಎಲೆಗೆ ಗೋಡಂಬಿ, ಇಲ್ಲಿಗೆ ಬರೋಷ್ಟರಲ್ಲಿ ಬರೀ ಹಾಲು. ತಂತಿ ಉದ್ದ ಆದ್ರೂ ಇದೇ ಕತೆ." ಆ ಎಲೆಯ ಮುಂದೆ ಕುಳಿತಿದ್ದ ಹಿರಿಯರು, "ಅದೆಲ್ಲ ಇರ್ಲಿ ಸ್ವಾಮಿ, ಗೋಡಂಬಿ ತರಿಸ್ತೀರಾ?" ಎಂದರು. ತರಿಸಿದರು.

ಇಷ್ಟೆಲ್ಲ ಒದ್ದಾಟ ಯಾರಿಗಾಗಿ? ಹುಬ್ಬಳ್ಳಿಯಲ್ಲಿರುವ ಅವರ ತಂಗಿಗಾಗಿ. ನನ್ನ ನಾದಿನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತಿಲ್ಲ. ಚಿಕ್ಕಂದಿನಲ್ಲಿ ಅಣ್ಣ ತಂಗಿ ತಮ್ಮದೇ ಒಂದು ಕೈಮಾತು ಕಟ್ಟಿಕೊಂಡಿದ್ದರು. ನಮಗೆಲ್ಲ ಅದು ಅಷ್ಟಿಷ್ಟು ಬರುತ್ತದೆ. ಊರಿಗೆಲ್ಲ ಫೋನು ಹಂಚಿದ ಮನುಷ್ಯನಿಗೆ ಸ್ವಂತ ತಂಗಿಯ ಜೊತೆ ಫೋನಿನಲ್ಲಿ ಮಾತಾಡುವ ಹಾಗಿರಲಿಲ್ಲ. ತಂತಿಯಲ್ಲಿ ಚಿತ್ರ ಬಂದರೆ ಅವಳ ಕೈ ಕಾಣುತ್ತದೆ. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಕೊನೆಗೆ ಹೂವಿನ ದರದೊಳಗೆ ಎಷ್ಟು ದೂರ ಸಾಧ್ಯವೆಂದು ಲೆಕ್ಕ ಹಾಕಿ ನಕ್ಷೆಯ ಮೇಲೆ ಗೆರೆ ಎಳೆದರು. ನಮ್ಮ ಮನೆಯ ತಂತಿಯೋ ಕೆರೆಯನ್ನು ಬಳಸಿಕೊಂಡು ಬರುತ್ತಿತ್ತು. ಮನೆ ಗೆರೆಯ ಹೊರಗೆ ಬಿತ್ತು.

"ಸಾರ್, ಗೆರೇನ ಒಂಚೂರು ಆಚೆ ತಳ್ಳಿ. ಯಾರು ನೋಡ್ತಾರೆ?" ಎಂದರಂತೆ ಕಚೇರಿಯ ಗೆಳೆಯರು.

"ನಾನು ನೋಡ್ತೀನಲ್ಲಪ್ಪ," ಎಂದರಂತೆ ಇವರು.

ಅಕ್ಕಪಕ್ಕದ ಬೀದಿಯವರೆಲ್ಲ ಕಂಪ್ಯೂಟರಿನಲ್ಲಿ ಸಿನಿಮಾ ನೋಡುತ್ತಿದ್ದಾಗ, ನಮ್ಮ ಭಾವನವರು ಸುಮ್ಮನಿದ್ದ ಫೋನನ್ನು ಒರೆಸಿ ಒರೆಸಿ ಇಡುತ್ತಿದ್ದರು. ಮುಂದೆ ಒಳ್ಳೆಯ ಯಂತ್ರ ಅಗ್ಗವಾಗಿ, ಗೆರೆ ಹಿಗ್ಗಿ, ನಮ್ಮ ಮನೆಗೂ ಬಂತು. ಬಂದದ್ದು ಪಂಕ್ತಿಯ ಕೊನೆಯ ಪಾಯಸವೇ. ನಾದಿನಿಯ ಒಂದು ಕೈ ಬಂದರೆ ಇನ್ನೊಂದು ಕೈಗೆ ಕಾಯಬೇಕು. ಚಿತ್ರ ಕದಲುವುದು, ನಿಲ್ಲುವುದು. ಆದರೂ ಪ್ರತಿ ಭಾನುವಾರ ಅದರ ಮುಂದೆ ಅವರು ಸ್ನಾನ ಮಾಡಿ, ಮಡಿ ಪಂಚೆಯುಟ್ಟು ಕೂರುತ್ತಿದ್ದರು. ನಾನು ದೇವರ ಮುಂದೂ ಅಷ್ಟು ಆಸೆಯಿಂದ ಕುಳಿತವಳಲ್ಲ.

ಈಗ ಆ ತಂತಿಯನ್ನೇ ತೆಗೆಯುತ್ತಾರೆಂದರೆ? ಕಾಳಿನ ಬುಟ್ಟಿ ಪಕ್ಕಕ್ಕಿಟ್ಟು ಒಳಗೆ ಹೋಗಿ ಹೇಳಿದೆ.

"ಒಳ್ಳೇದೇ ಆಯ್ತಲ್ಲ ಅಣ್ಣ," ಎಂದರು ನಮ್ಮ ಯಜಮಾನರು. "ಫೈಬರ್ ಹಾಕಿಸಿದ್ರೆ ಚಿತ್ರ ಕನ್ನಡಿ ಥರ ಬರತ್ತೆ."

"ಅದಕ್ಕೇ ಕಣೋ ಬೇಡ ಅನ್ನೋದು," ಎಂದರು ಭಾವನವರು. ಆಮೇಲೆ ಬಲಗೈಯನ್ನು ಮೇಜಿನ ಮೇಲಿಟ್ಟರು. ಅದು ನಡುಗುತ್ತಿತ್ತು. ನಡುಗುವುದು ನಮಗೆ ಹೊಸದಲ್ಲ. ನಾನೇ ಅವರಿಗೆ ಅರ್ಧ ಲೋಟ ಕಾಫಿ ಕೊಡುವುದು. "ಅವಳಿಗೆ ಗೊತ್ತಿಲ್ಲ. ಕೈ ಯಾಕೆ ಅಲ್ಲಾಡ್ತಿದೆ ಅಂತ ಕೇಳಿದಾಗೆಲ್ಲ ಲೈನ್ ಸರಿಯಿಲ್ಲ ಅಂದಿದೀನಿ. ಹುಬ್ಬಳ್ಳಿಗೆ ಬಾ ಅಂತಾಳೆ, ಮಂಡಿ ನೋವು ಅಂತೀನಿ. ಈ ಕೈ ನೋಡಿದ್ರೆ ಅವಳು ಊಟ ಬಿಡ್ತಾಳೆ."

ಆದರೆ ಸೋಮವಾರ ತಂತಿ ಹೋದರೆ ಅವಳ ಮುಖವೇ ಕಾಣದು; ಬೇರೆ ದಾರಿಯಿರಲಿಲ್ಲ.

ಫೈಬರ್ ಬಂತು. ಭಾನುವಾರ ಪರದೆಯ ಮೇಲೆ ನಾದಿನಿಯ ಮುಖ ಅರಳಿತು. ಮೂಗುಬೊಟ್ಟಿನ ಕಲ್ಲು ಕೂಡ ಮಿಂಚುತ್ತಿತ್ತು. ಭಾವನವರು ಎರಡೂ ಕೈಗಳನ್ನು ಪಂಚೆಯ ಮಡಿಲಲ್ಲಿ ಅಡಗಿಸಿ ಕುಳಿತರು. ಅವಳ ಮುಂದೆ ಕೈ ಕಟ್ಟಿ ಕೂರುವುದೆಂದರೆ ಬಾಯಿ ಮುಚ್ಚಿ ಕೂತ ಹಾಗೆ. 'ಯಾಕೆ ಮಾತಾಡ್ತಿಲ್ಲ' ಎಂದು ಅವಳು ಕೈಯಲ್ಲಿ ಕೇಳಿದಳು, ಮತ್ತೆ ಕೇಳಿದಳು. ಕಡೆಗೆ ಕೈ ಎತ್ತಲೇಬೇಕಾಯಿತು. 'ಊಟ ಆಯ್ತಾ' ಎಂಬ ಸಣ್ಣ ಮಾತನ್ನು ಆ ಬೆರಳುಗಳು ಎಷ್ಟು ಕಷ್ಟಪಟ್ಟು ಆಡಿದವು!

ಅವಳು ಅಳಲಿಲ್ಲ. ನಿಧಾನವಾಗಿ ಕೈಯಲ್ಲೇ ಹೇಳಿದಳು: 'ನನಗೆ ಯಾವಾಗಲೋ ಗೊತ್ತು. ಲೈನ್ ನಡುಗಿದ್ರೆ ನಿನ್ನ ಹಿಂದಿನ ಕ್ಯಾಲೆಂಡರೂ ನಡುಗಬೇಕಿತ್ತಲ್ಲ.'

ಭಾವನವರು ತಿರುಗಿ ಗೋಡೆಯ ಕ್ಯಾಲೆಂಡರನ್ನು ನೋಡಿದರು. ಇಡೀ ಇಲಾಖೆಯ ತಂತಿ ಅಳೆದವರಿಗೆ ಅದು ಹೊಳೆದಿರಲೇ ಇಲ್ಲ. 'ಮತ್ತೆ ಹೇಳಲಿಲ್ಲ ಯಾಕೆ?' ಎಂದು ಕೇಳಿದರು.

'ನೀನು ಮುಚ್ಚಿಟ್ಟಿದ್ದೆ. ನಾನ್ಯಾಕೆ ತೆಗೀಲಿ?' ಎಂದಳು. ಆಮೇಲೆ ಎರಡೂ ಅಂಗೈಗಳನ್ನು ಮುಂದಕ್ಕೆ ಚಾಚಿ ಹಾಗೇ ಹಿಡಿದಳು. ಅದು ಅವರ ಕೈಮಾತಿನಲ್ಲಿ ಏನೂ ಅಲ್ಲವೆಂದು ನನಗೂ ಗೊತ್ತು. ಕೈ ಕೊಡು ಎಂದಷ್ಟೇ.

ಭಾವನವರು ಮೂಗು ಒರೆಸಿಕೊಂಡು ತಮ್ಮನ ಕಡೆ ತಿರುಗಿದರು.

"ಹುಬ್ಬಳ್ಳಿ ರೈಲು ಯಶವಂತಪುರದಿಂದ ಎಷ್ಟೊತ್ತಿಗೋ?"

ನಾನು ನಾದಿನಿಗೆ ಕಳಿಸುವ ಕೋಡುಬಳೆಗೆ ಹಿಟ್ಟು ಜರಡಿ ಹಿಡಿಯಲು ಒಳಗೆ ಹೋದೆ.