ಎಣ್ಣೆಗಾಯಿಯ ದಶಮಾಂಶ

ಕಾಲು, ಅರ್ಧ, ಮುಕ್ಕಾಲು, ಶೇಕಡಾ ಇಷ್ಟು ಎಂದು ಯಾರಾದರೂ ಬಾಯಿಬಿಟ್ಟ ಕೂಡಲೇ ಅದನ್ನು ಮನಸ್ಸಿನಲ್ಲೇ ದಶಮಾಂಶಕ್ಕೆ ತಿರುಗಿಸಿಬಿಡುವ ಚಟ ಕೆಲವರಿಗಿರುತ್ತದೆ. ಎಲೆ ಅಡಿಕೆಯ ಚಟದವರಿಗೆ ಉಗುಳಿದಾಗಲಾದರೂ ಒಂದಿಷ್ಟು ಬಿಡುಗಡೆ ಸಿಗುತ್ತದೆ, ನಮಗೆ ಅದೂ ಇಲ್ಲ. ಅದರಲ್ಲೂ ಹೈದರಾಬಾದಿನಲ್ಲಿದ್ದುಕೊಂಡು ಈ ಚಟ ಸಾಕುವುದು ಕಷ್ಟ. ಇಲ್ಲಿ ತರಕಾರಿಯವನು ‘ಪಾವ್ ಕಿಲೋ’ ಎನ್ನುತ್ತಾನೆ, ಆಟೋದವನು ‘ಡೇಢ್ ಕಿಲೋಮೀಟರ್’ ಎನ್ನುತ್ತಾನೆ, ಕೆಲಸದಾಕೆ ‘ಪೌನೇ ದಸ್’ಗೆ ಬರುತ್ತೇನೆಂದು ಹೇಳಿ ಬರುವುದೇ ಇಲ್ಲ. ನಾನು ಮಾತ್ರ ಸೊನ್ನೆ ಚುಕ್ಕೆ ಎರಡು ಐದು, ಒಂದು ಚುಕ್ಕೆ ಐದು, ಒಂಬತ್ತು ಚುಕ್ಕೆ ಏಳು ಐದು ಎಂದು ಒಳಗೊಳಗೇ ಗುಣುಗುತ್ತ ಊರು ತಿರುಗುತ್ತೇನೆ.

ತಪ್ಪು ನನ್ನದಲ್ಲ, ನೌಕರಿಯದು. ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ನಾನು ಅಂಕಿಸಂಖ್ಯೆಯ ವಿಭಾಗದವನು. ಒಂದು ಶಾಪಿನವರು, ಅಂದರೆ ಯಂತ್ರಗಳ ವಿಭಾಗದವರು, ‘ಎಂಟರಲ್ಲಿ ಏಳು ಭಾಗ ಮುಗಿದಿದೆ’ ಎಂದು ಬರೆದು ಕಳಿಸುತ್ತಾರೆ, ಇನ್ನೊಂದು ಶಾಪಿನವರು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ, ಮತ್ತೊಬ್ಬರು ‘ಹೆಚ್ಚುಕಡಿಮೆ ಆಯಿತು’ ಎನ್ನುತ್ತಾರೆ. ಎಲ್ಲವನ್ನೂ ದಶಮಾಂಶ ಮಾಡಿ ದೆಹಲಿಗೆ ಕಳಿಸುವುದು ನನ್ನ ಕೆಲಸ. ದೆಹಲಿಯ ನಮೂನೆಯಲ್ಲಿ ಚುಕ್ಕೆಯ ಆಚೆ ಎರಡು ಅಂಕಿಗೆ ಮಾತ್ರ ಜಾಗ. ಮೂರನೆಯ ಅಂಕಿ ಐದಕ್ಕಿಂತ ಕಡಿಮೆ ಇದ್ದರೆ ಬಿಡಬೇಕು, ಐದೋ ಹೆಚ್ಚೋ ಇದ್ದರೆ ಎರಡನೆಯದಕ್ಕೆ ಒಂದು ಏರಿಸಬೇಕು. ಮೊದಲು ಹೀಗೆ ಕತ್ತರಿಸು, ಆಮೇಲೆ ಕೂಡಿಸು ಎಂದು ನನಗೆ ಕಲಿಸಿದ ಹಿರಿಯರು ನಿವೃತ್ತರಾಗಿ ಹೋದರು. ದೆಹಲಿಯಿಂದ ಯಾರೂ ಎಂದೂ ತಕರಾರು ಮಾಡಲಿಲ್ಲ. ಅಲ್ಲಿ ಯಾರೂ ಓದುತ್ತಿರಲಿಲ್ಲ ಎಂಬುದು ಬೇರೆ ಮಾತು.

ನಮ್ಮ ಕಾಲೊನಿಯ ಕನ್ನಡ ಕೂಟದವರು ರಾಜ್ಯೋತ್ಸವಕ್ಕೆ ಎಣ್ಣೆಗಾಯಿ ಸ್ಪರ್ಧೆ ಇಟ್ಟರು. ನನ್ನ ಹೆಂಡತಿ ಸುಮಿತ್ರಾ ಕಲಬುರ್ಗಿಯ ಕಡೆಯವಳು. ಹಿಂದಿನ ಎರಡು ವರ್ಷವೂ ಅವಳಿಗೆ ಎರಡನೆಯ ಸ್ಥಾನವೇ ಬಂದಿತ್ತು. ಎರಡು ಸಲವೂ ಗೆದ್ದವರು ನಮ್ಮ ಮೇಲಿನ ಕ್ವಾರ್ಟರ್ಸಿನ ಇಂದುಮತಿಬಾಯಿ. ಅವರು ಹೈದರಾಬಾದಿನಲ್ಲೇ ಹುಟ್ಟಿ ಬೆಳೆದವರಾದ್ದರಿಂದ ಅವರ ಎಣ್ಣೆಗಾಯಿ ಅರ್ಧ ದಾರಿಯಲ್ಲಿ ಇಲ್ಲಿನವರ ಬದನೆಕಾಯಿ ಅಡುಗೆಯಾದ ಬಗಾರಾ ಬೈಂಗನ್ ಕಡೆಗೆ ಹೊರಳಿಕೊಂಡಿರುತ್ತದೆ ಎಂಬುದು ಸುಮಿತ್ರಾಳ ದೂರು. ‘ಆಕಿ ಮಾಡೂದು ಎಣ್ಣಿಗಾಯೇ ಅಲ್ರಿ. ಈ ಸಲ ನನಗ ಬರಲಿಲ್ಲಂದ್ರ ನಮ್ಮವ್ವಗ ಏನಂತ ಮಾರಿ ತೋರಿಸ್ಲಿ?’ ಎಂದು ಸ್ಪರ್ಧೆಯ ದಿನ ಬೆಳಿಗ್ಗೆಯೇ ಎಳ್ಳು, ಶೇಂಗಾ ಹುರಿಯಲು ನಿಂತಳು. ಆ ದಿನ ನನಗೆ ತಿಂಡಿ ಸಿಗಲಿಲ್ಲ.

ತೀರ್ಪುಗಾರರು ಮೂವರು. ಕಾಚಿಗೂಡದ ಹಿರಿಯರಾದ ದೇಸಾಯರು, ನಿವೃತ್ತ ಟೀಚರ್ ಶಾಂತಾಬಾಯಿ, ಬ್ಯಾಂಕಿನ ಕುಲಕರ್ಣಿ. ಅಂಕ ಹೇಗೆ ಕೊಡಬೇಕೆಂದು ಅವರಿಗೆ ಹೇಳಲು ಎಲ್ಲರೂ ಮರೆತಿದ್ದರು. ದೇಸಾಯರು ಹಳೇ ಕಾಲದ ರೂಪಾಯಿಯ ಲೆಕ್ಕದವರು, ಪೂರ್ತಿ ಚೆನ್ನಾಗಿದ್ದರೆ ಹದಿನಾರಾಣೆ. ಸುಮಿತ್ರಾಳಿಗೆ ಹದಿಮೂರಾಣೆ, ಇಂದುಮತಿಬಾಯಿಗೆ ಹನ್ನೊಂದಾಣೆ ಎಂದು ಬರೆದರು. ಶಾಂತಾಬಾಯಿಯವರು ಸುಮಿತ್ರಾಳಿಗೆ ಆರರಲ್ಲಿ ಐದು, ಇಂದುಮತಿಬಾಯಿಗೆ ಎಂಟರಲ್ಲಿ ಏಳು ಕೊಟ್ಟರು. ಒಂದೇ ತಿನಿಸಿಗೆ ಒಬ್ಬರಿಗೆ ಆರು, ಇನ್ನೊಬ್ಬರಿಗೆ ಎಂಟು ಯಾಕೆಂದರೆ, ‘ಆಕಿ ತಾಟಿನ್ಯಾಗ ಎಂಟು ಬದನಿಕಾಯಿ ಇದ್ದುವಲ್ಲ’ ಎಂದರು. ಕುಲಕರ್ಣಿಯವರು ಸುಮಿತ್ರಾಳಿಗೆ ಶೇಕಡಾ ಎಪ್ಪತ್ತೆಂಟು, ಇಂದುಮತಿಬಾಯಿಗೆ ಶೇಕಡಾ ಎಂಬತ್ತಾರು ಎಂದು ಕೊಟ್ಟರು. ದೇಸಾಯರನ್ನಾದರೂ ಶೇಕಡಾಕ್ಕೆ ಒಪ್ಪಿಸೋಣವೆಂದು ನೋಡಿದೆ. ‘ಶೇಕಡಾ ಅಂದ್ರ ಬಡ್ಡಿ. ಬದನಿಕಾಯಿಗೆ ಎಂಥಾ ಬಡ್ಡೀರಿ?’ ಎಂದು ಅವರು ಕೈತೊಳೆಯಲು ಎದ್ದುಹೋದರು.

ಆಗ ಕೂಟದ ಅಧ್ಯಕ್ಷ ಪಾಟೀಲರು ಮೂರು ಚೀಟಿಗಳನ್ನೂ ನನ್ನ ಮುಂದಿಟ್ಟು, ‘ಇದು ನಿಮ್ಮ ದಂಧೇನ ಅಲ್ಲೇನ್ರಿ, ಮಾಡಿಬಿಡ್ರಿ’ ಎಂದರು. ನನ್ನ ಹೆಂಡತಿಯೇ ಸ್ಪರ್ಧೆಯಲ್ಲಿದ್ದಾಳೆ ಎಂದೆ. ‘ಅಂಕಿಗೆ ಹೆಂಡ್ತಿ ಎಲ್ಲಿ ಇರ್ತಾಳ್ರಿ?’ ಎಂದರು. ನಿಜ ಹೇಳಬೇಕೆಂದರೆ ನನಗೂ ಖುಷಿಯಾಗಿತ್ತು. ಇಷ್ಟು ಬಗೆಯ ಲೆಕ್ಕ ಒಟ್ಟಿಗೆ ಕಾರ್ಖಾನೆಯಲ್ಲೂ ನನಗೆ ಸಿಕ್ಕಿರಲಿಲ್ಲ. ಹದಿಮೂರಾಣೆ ಅಂದರೆ 0.8125, ಕತ್ತರಿಸಿದರೆ 0.81. ಆರರಲ್ಲಿ ಐದು 0.8333, ಅಂದರೆ 0.83. ಇತ್ತ ಹನ್ನೊಂದಾಣೆ 0.6875, ಏರಿಸಿದರೆ 0.69. ಎಂಟರಲ್ಲಿ ಏಳು 0.875, ಅದು 0.88. ಶೇಕಡಾದವು ಹೇಗೂ 0.78 ಮತ್ತು 0.86. ಕೂಡಿಸಿದೆ. ಸುಮಿತ್ರಾಳಿಗೆ 2.42, ಇಂದುಮತಿಬಾಯಿಗೆ 2.43. ಪಾಟೀಲರು ಮೈಕಿನಲ್ಲಿ ಇಂದುಮತಿಬಾಯಿಯ ಹೆಸರು ಕೂಗಿದರು. ಸುಮಿತ್ರಾ ಚಪ್ಪಾಳೆ ತಟ್ಟಿದಳು, ನನ್ನ ಕಡೆ ನೋಡಲಿಲ್ಲ.

ಕುಲಕರ್ಣಿ ಪಕ್ಕಕ್ಕೆ ಬಂದು ನನ್ನ ಹಾಳೆ ನೋಡಿದವರು, ‘ಕತ್ತರಸೂದಾದ್ರ ಕೂಡಿಸಿದ ಮ್ಯಾಲೆ ಕತ್ತರಸಬೇಕ್ರಿ. ಕೂಡಸೂಕಿಂತ ಮೊದಲ ಯಾಕ ಕತ್ತರಿಸಿದ್ರಿ?’ ಎಂದು ಮೆಲ್ಲಗೆ ಕೇಳಿದರು. ಮತ್ತೆ ಕೂಡಿಸಿದೆವು. ಸುಮಿತ್ರಾಳದು 2.4258, ಇಂದುಮತಿಬಾಯಿಯದು 2.4225. ಗೆದ್ದವಳು ನನ್ನ ಹೆಂಡತಿ. ತಡಮಾಡದೆ ಎದ್ದು, ‘ಒಂದ್ ನಿಮಿಷ, ಲೆಕ್ಕದಾಗ…’ ಎಂದು ವೇದಿಕೆಗೆ ಹೋದೆ. ಪಾಟೀಲರು ನನ್ನನ್ನು ಬಾಚಿ ಹಿಡಿದುಕೊಂಡರು. ‘ನೋಡ್ರಿ, ನೂರರಾಗ ಒಂದ್ ಪಾಲಿನಾಗ ಸ್ವಂತ ಹೆಂಡ್ತೀನ ಸೋಲಿಸಿದ ಮನಷ್ಯಾ! ಇಂಥಾ ನಿಯತ್ತು ಇವತ್ತ ಎಲ್ಲೈತಿ?’ ಎಂದು ಮೈಕಿನಲ್ಲಿ ಗುಡುಗಿದರು. ಬರಬೇಕಿದ್ದ ಮುಖ್ಯ ಅತಿಥಿ ಕೈಕೊಟ್ಟಿದ್ದರಿಂದ ಅವರಿಗೆಂದು ತಂದ ಶಾಲು ಹಾಗೇ ಉಳಿದಿತ್ತು. ಅದನ್ನು ನನಗೆ ಹೊದಿಸಿದರು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ಇಂದುಮತಿಬಾಯಿ. ಆ ಶಾಲು ಹೊದ್ದುಕೊಂಡು ‘ಲೆಕ್ಕ ತಪ್ಪಿದೆ, ನನ್ನ ಹೆಂಡತಿಯೇ ಗೆದ್ದವಳು’ ಎಂದು ಹೇಳುವ ಗಂಡಸು ಎಲ್ಲಾದರೂ ಇದ್ದರೆ ಅವನಿಗೆ ನನ್ನ ನಮಸ್ಕಾರ. ನಾನು ಕೈಮುಗಿದು ಕೆಳಗಿಳಿದೆ.

ಮನೆಗೆ ಬಂದ ಮೇಲೆ ಸುಮಿತ್ರಾಳಿಗೆ ಎಲ್ಲವನ್ನೂ ಹೇಳಿದೆ. ಕುಲಕರ್ಣಿಯವರಿಂದ ಹೇಗೂ ಗೊತ್ತಾಗುವುದೇ ಆಗಿತ್ತು. ಅವಳು ಸಿಟ್ಟಾಗಲಿಲ್ಲ. ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದಳು.

‘ನನ್ನವು ಎರಡೂ ಕಡೆ ಇಳಿಸೀರಿ. ಆಕೀವು ಎರಡೂ ಕಡೆ ಏರಿಸೀರಿ.’

‘ಅದು ದೆಹಲಿ ನಿಯಮ,’ ಎಂದೆ.

‘ದೆಹಲೀದು ಯಾಕಂತೀರಿ? ಹೊರಗಿನವರು ಮಾಡಿದ್ದು ಏರಸೂದು, ಮನಿಯಾಕಿ ಮಾಡಿದ್ದು ಇಳಸೂದು. ನಾ ಮದುವಿ ಆದಾಗಿಂದ ನೋಡಾಕತ್ತೀನಿ.’

ಇಂದುಮತಿಬಾಯಿ ಕಳಿಸಿದ ಚಕ್ಕುಲಿಗೆ ಮೆಟ್ಟಿಲಲ್ಲೇ ನಿಂತು ‘ಭಾಳ ಛಲೋ ಆಗ್ಯಾವ್ರಿ’ ಎಂದು ಕೂಗುವವನು ನಾನೇ. ಮನೆಯ ಚಕ್ಕುಲಿಗೆ ‘ನಡೀತೈತಿ’ ಎಂದು ಪೇಪರಿನ ಹಿಂದಿನಿಂದ ಹೇಳುವವನೂ ನಾನೇ. ನನಗೆ ನಿಜವಾಗಿ ನಾಚಿಕೆಯಾಯಿತು. ಉಳಿದಿದ್ದ ಎಣ್ಣೆಗಾಯಿಯನ್ನು ಅವಳು ರೊಟ್ಟಿಯ ಜೊತೆ ಬಡಿಸಿದಳು. ಒಂದು ತುತ್ತು ತಿಂದು, ಸರಿಯಾಗಿ ಅವಳ ಮುಖ ನೋಡಿ ಹೇಳಿದೆ: ‘ಹದಿನಾರಾಣೆ ಆಗೈತಿ, ಸುಮಿತ್ರಾ.’

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

‘ಮೊದಲ ಆ ಶಾಲು ತಗದು ಹೇಳ್ರಿ,’ ಎಂದಳು.