ಅರಿಸಿನ ಹಚ್ಚಿಕೊಂಡ ಹೆಡ್‌ಲೈಟು

ನನ್ನ ದಾರಿಗೆ ಬೇಕಾದ ಬೆಳಕನ್ನು ಇನ್ನು ಮುಂದೆ ನಾನೇ ಹಾಕಿಕೊಳ್ಳುತ್ತೇನೆ! ಯಾವ ಗಂಡಸಿನ ಭಾನುವಾರಕ್ಕೂ ಕಾಯುವುದಿಲ್ಲ!

ಹೀಗೆಂದು ಘೋಷಿಸಿದಾಗ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಹಾಗಾಗಿ ಘೋಷಣೆಯ ಘನತೆ ತುಸು ತಗ್ಗಿರಬಹುದು. ನನ್ನ ಗಂಡ ರುದ್ರಮುನಿ, "ಇನ್ನೊಂದು ಬಿಸಿದು ಹಾಕು" ಎಂದರಷ್ಟೆ.

ನಾನು ರಾಣೆಬೆನ್ನೂರಿನಲ್ಲಿ ಹೊಲಿಗೆ ಕ್ಲಾಸು ನಡೆಸುತ್ತೇನೆ. ಮುಗಿಸಿ ನಮ್ಮ ಹಳೆಯ ಕಾರಿನಲ್ಲಿ ಅಗಡಿಗೆ ಮರಳುವಷ್ಟರಲ್ಲಿ ಕತ್ತಲಾಗಿರುತ್ತದೆ. ಅದರ ಹೆಡ್‌ಲೈಟಿಗಿಂತ ದೇವರ ಮುಂದಿನ ನಂದಾದೀಪ ವಾಸಿ. "ಭಾನುವಾರ ನೋಡ್ತೇನಿ" ಎಂದು ಗಂಡ ಹೇಳುತ್ತಲೇ ಎಷ್ಟೋ ಭಾನುವಾರ ಕಳೆದವು. ಕಡೆಗೆ ನಾನೇ ಅಂಗಡಿಗೆ ಹೋಗಿ ಎಲ್‌ಇಡಿ ಬಲ್ಬು ತಂದು, ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು, ಹಳೆಯವನ್ನು ಕಿತ್ತೆಸೆದು ಹೊಸವನ್ನು ಕೂರಿಸಿದೆ.

ಅಬ್ಬಾ, ಏನು ಬೆಳಕು! ಹೆದ್ದಾರಿಯಲ್ಲಿ ಹಗಲೇ ನನ್ನ ಮುಂದೆ ಓಡುತ್ತಿತ್ತು. ಬ್ಯಾಡಗಿಗೆ ಹೊರಟ ಮೆಣಸಿನಕಾಯಿ ಲಾರಿಗಳು ಎದುರಿನಿಂದ ಸಾಲಾಗಿ ಲೈಟು ಮಿಟುಕಿಸಿದವು. ಹೆಣ್ಣುಮಗಳ ಸಾಧನೆಗೆ ಲಾರಿಗಳೂ ವಂದಿಸುತ್ತಿವೆ ಎಂದುಕೊಂಡು ನಾನೂ ಕೈ ಬೀಸಿದೆ.

ಅಷ್ಟರಲ್ಲಿ ಕಾರಿಗೆ ಹದಿನೈದು ವರ್ಷ ತುಂಬಿತು. ಹಾವೇರಿಯ ಆರ್‌ಟಿಒದಲ್ಲಿ ತೋರಿಸಿ ನೋಂದಣಿ ನವೀಕರಿಸಬೇಕು. ಹೊರಡುವ ಬೆಳಿಗ್ಗೆ ಪಕ್ಕದ ಮನೆಯ ಪುಂಡಲೀಕಣ್ಣ ಬಲ್ಬು ನೋಡಿದವನೇ ನಾಲಿಗೆ ಕಚ್ಚಿಕೊಂಡ.

"ತಂಗಿ, ಇದು ಪಾಸ್ ಆಗೂದಿಲ್ಲವಾ. ಹ್ಯಾಲೊಜೆನ್ ಗಾಡಿಗೆ ಎಲ್‌ಇಡಿ ಹಾಕಾಕ ಕಾಯ್ದೆ ಒಪ್ಪೂದಿಲ್ಲ."

"ಅಂಗಡ್ಯಾಗ ರಾಜಾರೋಷ ಮಾರತಾರಲ್ಲಣ್ಣ!"

"ಮಾರಾವ್ರು ಮಾರತಾರ. ಸಿಕ್ಕೊಳ್ಳಾವ್ರು ಹಾಕ್ಕೊಂಡಾವ್ರು."

ಗಂಡ ಚಹಾ ಕುಡಿಯುತ್ತಲೇ ತೀರ್ಪು ಕೊಟ್ಟರು: "ಪಾಸ್ ಆಗ್ಲಿಲ್ಲಂದ್ರ ಗಾಡಿ ಮಾರಿಬಿಡೂಣು. ನೀನೂ ಕ್ಲಾಸು ಬಿಟ್ಟು ಮನ್ಯಾಗ ಆರಾಮ ಇರು."

ಮನೆಯಲ್ಲಿ ಆರಾಮ! ಬೆಳಗಿನ ಕಸದಿಂದ ಶುರುವಾಗಿ ರಾತ್ರಿಯ ಮುಸುರೆಗೆ ಮುಗಿಯುವ ಆ ಆರಾಮ ನನಗೆ ಚೆನ್ನಾಗಿ ಗೊತ್ತು. ಕಾರು ಹೋದರೆ ಕ್ಲಾಸು ಹೋಗುತ್ತದೆ. ಕ್ಲಾಸು ಹೋದರೆ, ದಿನದಲ್ಲಿ ನನ್ನದೆಂದು ಉಳಿದಿರುವ ಒಂದೇ ಹೊತ್ತೂ ಹೋಗುತ್ತದೆ.

ತಲೆ ಅಡುಗೆಮನೆಯ ಕಡೆಗೇ ಓಡಿತು. ಎಲ್‌ಇಡಿಯದು ಬಿಳಿ ಬೆಳಕು, ಹಳೆಯ ಹ್ಯಾಲೊಜೆನ್ ಬಲ್ಬಿನದು ಹಳದಿ. ಬಿಳಿಯನ್ನು ಹಳದಿ ಮಾಡುವುದನ್ನು ಹೆಂಗಸಿಗೆ ಯಾರಾದರೂ ಕಲಿಸಬೇಕೆ? ಅರಿಸಿನಕ್ಕೆ ಎಣ್ಣೆ ಕಲಸಿ ಎರಡೂ ಗಾಜಿಗೆ ಬಳಿದೆ! ಅತ್ತೆ ಕರೆವ್ವ ಹೊರಗೆ ಬಂದು ನೋಡಿದರು.

"ಬರೇ ಅರಿಷಿಣ ಹಚ್ಚಿ ಕಳಸ್ತಾರೇನವಾ?" ಎಂದು ಬಾನೆಟ್ಟಿನ ನಡುವೆ ದೊಡ್ಡ ಕುಂಕುಮ ಇಟ್ಟರು. ನನ್ನನ್ನೂ ಗಂಡನನ್ನೂ ಕೂರಿಸಿಕೊಂಡು ಕಾರು ಮದುಮಗಳಂತೆ ಹಾವೇರಿಗೆ ಹೊರಟಿತು.

ಅಲ್ಲಿ ನೋಡಿದರೆ ಇನ್‌ಸ್ಪೆಕ್ಟರ್ ಹೆಣ್ಣುಮಗಳು! ಗೆದ್ದೆ ಎಂದುಕೊಂಡೆ. ಆಕೆ ಗಾಜನ್ನು ಬೆರಳಿನಿಂದ ಸವರಿ ಮೂಸಿದರು.

"ಒಗ್ಗರಣಿ ಒಂದ ಬಾಕಿ ಉಳೀತೇನ್ರಿ? ಒರೆಸ್ರಿ ಇದನ್ನ."

ಒರೆಸಿದೆ. ಬಿಳಿ ಬೆಳಕು ಎದುರಿನ ಗೋಡೆಯ ತುಂಬ ಚೆಲ್ಲಾಡಿತು.

"ಈ ಬಲ್ಬ್ ಹಾಕಿದ್ದು ಯಾರು?"

"ಇಕೀನರಿ!" ಎಂದರು ಗಂಡ. ನಾನು ಮಾಡಿದ ಕೆಲಸವನ್ನು ಅವರು ನಾಲ್ಕು ಜನರೆದುರು ನನ್ನದೆಂದು ಒಪ್ಪಿದ್ದು ಅದೇ ಮೊದಲು.

ಸೆರಗು ಸಿಕ್ಕಿಸಿ ಭಾಷಣಕ್ಕೆ ನಿಂತೆ. "ಮೇಡಂ, ಕತ್ತಲ್ಯಾಗ ಒಬ್ಬಾಕಿನ ಗಾಡಿ ಹೊಡೀತೇನ್ರಿ. ಹೆಣ್ಣಮಕ್ಕಳ ಕಷ್ಟ ನಿಮಗ ತಿಳೀಲಿಲ್ಲಂದ್ರ ಇನ್ನ್ಯಾರಿಗೆ ತಿಳೀಬೇಕ್ರಿ?"

"ತಿಳೀತೈತ್ರಿ. ನಿಮ್ಮ ಎದುರಿಗೆ ಸ್ಕೂಟಿ ಮ್ಯಾಲೆ ಬರಾಕಿನೂ ಹೆಣ್ಣಮಗಳ. ಹ್ಯಾಲೊಜೆನ್ನಿಗೆ ಮಾಡಿದ ಲೈಟಿನಾಗ ಎಲ್‌ಇಡಿ ಕೂಡಿಸಿದ್ರ ಬೆಳಕು ಚೆದರಿ ಆಕಿ ಕಣ್ಣಿಗೆ ಬಡೀತೈತಿ. ನಿಮಗ ದಾರಿ ಕಾಣಬೇಕಂತ ಆಕಿ ಗಟಾರಕ್ಕ ಬೀಳಬೇಕೇನ್ರಿ?"

ಲಾರಿಗಳ ವಂದನೆಯ ಅರ್ಥ ಆಗ ಹೊಳೆಯಿತು. ಆ ಸಂಜೆಗಳಲ್ಲಿ ನನ್ನ ಬೆಳಕಿಗೆ ಕಣ್ಣು ಮುಚ್ಚಿಕೊಂಡು ಹೋದವರು ಎಷ್ಟು ಜನವೋ. ಅವರ ಮುಖ ನನಗೆ ಕಂಡೇ ಇರಲಿಲ್ಲ.

"ಕಂಪನಿಯವ್ರು ಕೊಟ್ಟಂಥಾ ಬಲ್ಬ್ ಹಾಕ್ಕೊಂಡು ಮಧ್ಯಾಹ್ನ ಬರ್ರಿ" ಎಂದರು ಮೇಡಂ. "ಮದ್ಲ ಈ ಗಾಜು ನೋಡ್ರಿ, ಹೆಂಗ ಮಬ್ಬು ಹಿಡದೈತಿ! ಹಲ್ಲುಜ್ಜೂ ಪೇಸ್ಟ್ ಹಚ್ಚಿ ತಿಕ್ರಿ. ಆ ಬಲ್ಬಿನಾಗನ ಬೇಕಾದಷ್ಟು ಬೆಳಕು ಬರ್ತೈತಿ."

ಪೇಟೆಯಿಂದ ಹ್ಯಾಲೊಜೆನ್ ತಂದು ಹಾಕಿದೆ. ಬಿಸಿಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಾರಿನ ಎರಡೂ ಕಣ್ಣು ತಿಕ್ಕಿದೆ. ಗಂಡ ಬೇವಿನ ಮರದ ನೆರಳಿನಲ್ಲಿ ನಿಂತು, "ಅಲ್ಲೊಂಚೂರು ಉಳೀತು ನೋಡು" ಎಂದು ಮಾರ್ಗದರ್ಶನ ಮಾಡಿದರು.

ಕಾರು ಪಾಸಾಯಿತು! ಮರುದಿನ ಸಂಜೆ ಕ್ಲಾಸು ಮುಗಿಸಿ ಅದರಲ್ಲೇ ಮನೆಗೆ ಬಂದೆ. ದಾರಿ ನಿಚ್ಚಳವಾಗಿ ಕಂಡಿತ್ತು. ಅಂಗಳದಲ್ಲಿ ಗಂಡ ಹೊಳೆಯುವ ಗಾಜಿನ ಮೇಲೆ ಕೈಯಾಡಿಸಿ ಮನಸಾರೆ ಮೆಚ್ಚಿಕೊಂಡರು.

"ಏನ ಹೇಳು, ನಿನ್ನ ಕೈಯಾಗ ಬರೂ ಹೊಳಪು ಯಾರ ಕೈಯಾಗೂ ಬರೂದಿಲ್ಲ. ಇನ್ನ ಮ್ಯಾಲೆ ಭಾಂಡೆ ತಿಕ್ಕೂ ಮುಂದ ಇದನ್ನೂ ಒಂದೀಟು ತಿಕ್ಕಿಬಿಡು!"

ನಮ್ಮ ಮನೆಯ ಮುಸುರೆಗೆ ಅಂದಿನಿಂದ ಎರಡು ಪಾತ್ರೆ ಹೆಚ್ಚಾದವು.